ಹಿಮ್ಮಡಿಯ ಮುದ್ರೆ

ನಮ್ಮೂರಿನಲ್ಲಿ ಯಾರಾದರೂ ತಲೆಯ ಮೇಲೆ ಹಾರಿ ಹೋದರೆ ನಾವು ಮೊದಲು ನೋಡುತ್ತಿದ್ದುದು ಅವರ ಹಿಮ್ಮಡಿಯನ್ನು. ಅಲ್ಲಿ ಆ ವರ್ಷದ ಮುದ್ರೆ ಕಂಡರೆ ಸರಿ, ಮತ್ತೆ ನಮ್ಮ ನಮ್ಮ ಕೆಲಸ. ಕಾಣದಿದ್ದರೆ ಓಣಿಯ ಹೆಂಗಸರೆಲ್ಲ ಮಾಳಿಗೆ ಹತ್ತಿ, "ಇಳಿಯಯ್ಯಾ ಕೆಳಗೆ! ಡಾಕ್ಟ್ರಮ್ಮ ನೋಡಿದ್ರೆ ಕಾಲು ಮುರೀತಾರೆ" ಎಂದು ಕೂಗಿ ಇಳಿಸಿಯೇ ಬಿಡುತ್ತಿದ್ದರು. ಮುದ್ರೆ ಒಂದು ವರ್ಷ ನೀಲಿ, ಒಂದು ವರ್ಷ ಕೆಂಪು, ಮತ್ತೊಂದು ವರ್ಷ ಅರಿಸಿನದ ಬಣ್ಣ. ಎಷ್ಟು ತಿಕ್ಕಿದರೂ ಹೋಗದ ಶಾಯಿ. ಮುಂದಿನ ಪರೀಕ್ಷೆ ಹತ್ತಿರ ಬಂದಾಗ ತಾನಾಗಿಯೇ ಮಾಸುತ್ತಿತ್ತು.

ಈಗ ಕಣಿವೆಗೆ ಸೇತುವೆ ಆಗಿದೆ. ನನ್ನ ಮಕ್ಕಳಿಬ್ಬರೂ ಬಸ್ಸಿನಲ್ಲಿ ಕೂತು ಆಚೆದಡದ ಶಾಲೆಗೆ ಹೋಗುತ್ತಾರೆ. ಕಿಟಕಿಯಿಂದ ಕೆಳಗೆ ಇಣುಕುತ್ತಾರೆಯೇ ಹೊರತು ಮೇಲೆ ನೋಡುವುದಿಲ್ಲ. ಅವರ ಊಟದ ಡಬ್ಬಿ ತೊಳೆದು, ನಾಳೆಯ ಹಿಟ್ಟು ರುಬ್ಬಿಟ್ಟು, ಅಂಗಿಗಳಿಗೆ ಇಸ್ತ್ರಿ ಹಾಕಿ ಮುಗಿಸುವಷ್ಟರಲ್ಲಿ ನನ್ನ ಬೆನ್ನು ನನ್ನ ಮಾತು ಕೇಳುವುದಿಲ್ಲ. ಗೋಡೆಗೊರಗಿ ಕೂತರೆ ಅಪ್ಪನ ಹಿಮ್ಮಡಿ ನೆನಪಾಗುತ್ತದೆ. ಒಂದು ಬಿರುಕಿಲ್ಲದ, ಎಳೆ ಮಗುವಿನ ಕಾಲಿನಂಥ ಹಿಮ್ಮಡಿ. ಅದು ನೆಲ ತುಳಿದದ್ದೇ ಕಡಿಮೆ.

ಅಪ್ಪನ ಹೆಸರು ಹಾಲಪ್ಪ. ಆಚೆದಡದಿಂದ ನಾಜೂಕಿನ ಸಾಮಾನು ತರುವುದು ಅವನ ಕಸುಬು: ಕಣ್ಣಿನ ಔಷಧಿ, ಕನ್ನಡಕದ ಗಾಜು, ಗಡಿಯಾರದ ಸ್ಪ್ರಿಂಗು, ಮರಿಯಾಗಲು ಬಂದ ಮೊಟ್ಟೆ. ಕಣಿವೆ ಬಳಸಿ ಬರುವ ಗಾಡಿಯಲ್ಲಿ ಇವೆಲ್ಲ ಒಂದೋ ಒಡೆಯುತ್ತಿದ್ದವು, ಇಲ್ಲ ಕೆಡುತ್ತಿದ್ದವು. ಅಪ್ಪ ಬೆಳಿಗ್ಗೆ ಮಾಳಿಗೆಯ ಕಟ್ಟೆಯ ಮೇಲೆ ಚಪ್ಪಲಿ ಬಿಟ್ಟು, ಹೆಗಲಿಗೆ ಚೀಲ ಹಾಕಿ, "ಬರ್ತೀನಿ" ಎಂದು ಕಾಲು ಎತ್ತಿಬಿಡುತ್ತಿದ್ದ. ಊಟದ ಹೊತ್ತಿಗೆ ಮೊಟ್ಟೆಗಳನ್ನು ಎದೆಯ ಬಿಸಿಗೆ ಒತ್ತಿಕೊಂಡು ವಾಪಸು ಬಂದಿರುತ್ತಿದ್ದ.

ನಮ್ಮೂರಲ್ಲಿ ಹಾರುವಾಗ ಬಿದ್ದು ಸತ್ತವರು ಯಾರೂ ಇರಲಿಲ್ಲ. ಇಳಿಯದೆ ಹೋದವರು ಇದ್ದರು. ಹಿತ್ತಲ ಓಣಿಯ ಸಿದ್ಲಿಂಗ ಹಾಗೇ ಹೋದವನು. ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದ ಅವನ ತಂಗಿ ನೋಡುತ್ತಿದ್ದ ಹಾಗೇ ಮೇಲೆ ಮೇಲೆ ಹೋಗಿ, ಹದ್ದಿನಷ್ಟಾಗಿ, ಸಾಸಿವೆಯಷ್ಟಾಗಿ, ಆಮೇಲೆ ಬರೀ ಬಿಸಿಲಾದನಂತೆ. ಆದ್ದರಿಂದಲೇ ನಮ್ಮಲ್ಲಿ ವರ್ಷವರ್ಷವೂ ಪರೀಕ್ಷೆ.

ಪರೀಕ್ಷೆ ಮಾಡುತ್ತಿದ್ದವರು ಡಾಕ್ಟರ್ ಅಂಬುಜಾಬಾಯಿ. ಮದುವೆಯಾಗದ, ಎತ್ತರದ ಹೆಂಗಸು. ದೊಡ್ಡ ಕೆಮ್ಮು, ಅದಕ್ಕಿಂತ ದೊಡ್ಡ ದನಿ. ಮೊದಲು ಆಸ್ಪತ್ರೆಯ ಒಳಗಿನ ಕೋಣೆಯಲ್ಲಿ ಕಣ್ಣು, ಕಿವಿ, ರಕ್ತದೊತ್ತಡ, ಉಸಿರು. ಅದರಲ್ಲಿ ಪಾಸಾದವರು ಅಂಗಳಕ್ಕೆ ಬರಬೇಕು, ಹದ್ದಿನೆತ್ತರಕ್ಕೆ ಏರಿ ನಿಲ್ಲಬೇಕು. ಡಾಕ್ಟ್ರಮ್ಮ ಸನ್ನೆ ಮಾಡಿದಾಗ ಕೆಳಗಿನಿಂದ ಮನೆಯವರೊಬ್ಬರು ಕರೆಯಬೇಕು. ಯಾರೋ ಕರೆಯುವ ಹಾಗಿಲ್ಲ, ಒಂದೇ ಪಾತ್ರೆಯ ಅನ್ನ ಉಣ್ಣುವವರೇ ಆಗಬೇಕು. ಕರೆಯಲು ಮೂರು ಸಲ ಅವಕಾಶ. ಇಳಿದು ಬಂದವರನ್ನು ಡಾಕ್ಟ್ರಮ್ಮ ತಲೆಯಿಂದ ಕಾಲಿನವರೆಗೆ ನೋಡಿ, "ಹ್ಞಾಂ, ಕಾಲು ಎತ್ತು" ಎಂದು ಹಿಮ್ಮಡಿಗೆ ಮುದ್ರೆ ಒತ್ತುತ್ತಿದ್ದರು. ಆ ನೋಟದಲ್ಲಿ ಏನನ್ನು ಅಳೆಯುತ್ತಿದ್ದರೋ ಯಾರೂ ಕೇಳಿದವರಿಲ್ಲ. ಬೇಗ ಇಳಿದಷ್ಟೂ ಒಳ್ಳೆಯದು ಎಂದೇ ಇಡೀ ಊರು ತಿಳಿದುಕೊಂಡಿತ್ತು.

ಅಪ್ಪನನ್ನು ಪ್ರತಿ ವರ್ಷ ಕರೆಯುತ್ತಿದ್ದವಳು ಅಮ್ಮ. ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಚಳಿಗಾಲದಲ್ಲಿ, ಅಮ್ಮ ಜ್ವರ ಬಂದು ತೀರಿಕೊಂಡಳು. ಅಪ್ಪ ಅಳಲಿಲ್ಲ. ಹಗುರಾದ. ಕುರ್ಚಿಯಲ್ಲಿ ಕೂತರೆ ಕುರ್ಚಿ ಸದ್ದು ಮಾಡುತ್ತಿರಲಿಲ್ಲ. ಅವನು ಮಲಗಿ ಎದ್ದ ಚಾಪೆಯಲ್ಲಿ ಸುಕ್ಕು ಬೀಳುತ್ತಿರಲಿಲ್ಲ. ಓಣಿಯವರು ಇದನ್ನೆಲ್ಲ ಗಮನಿಸುತ್ತಿದ್ದರು. ನೀರಿನ ನಲ್ಲಿಯ ಹತ್ತಿರ ಒಬ್ಬಾಕೆ ನನ್ನ ಮುಂದೆಯೇ, "ಹಾಲಪ್ಪ ಈ ಸಲ ಇಳಿಯೋದು ಅನುಮಾನ ಕಣ್ರೇ" ಎಂದಳು.

ಪಕ್ಕದ ಮನೆಯ ಜೈತುನಕ್ಕ ಕೊಡ ಕೆಳಗಿಟ್ಟು, "ನಿನ್ನ ನಾಲಿಗೆ ಮೊದ್ಲು ಇಳಿಸು ಕೆಳಗೆ!" ಎಂದು ಅವಳ ಮೇಲೆ ಹರಿಹಾಯ್ದಳು. ಆದರೆ ಮನೆಗೆ ಬರುವ ದಾರಿಯಲ್ಲಿ ನನ್ನ ಕೈ ಬಿಡಲಿಲ್ಲ.

ಆ ವರ್ಷ ಕರೆಯಬೇಕಾದವಳು ನಾನೇ. ಮನೆಯಲ್ಲಿ ಮತ್ಯಾರಿದ್ದರು? ಅಪ್ಪನಿಗೂ ನನಗೂ ಒಳಗೊಳಗೇ ಒಂದೇ ಹೆದರಿಕೆ. ಇಬ್ಬರೂ ಬಾಯಿ ಬಿಡಲಿಲ್ಲ. ಅದರ ಬದಲು ಅಭ್ಯಾಸಕ್ಕೆ ಇಳಿದೆವು. ದಿನಾ ಸಂಜೆ ಅಪ್ಪ ಹುಣಸೆಮರದೆತ್ತರಕ್ಕೆ ಏರುವುದು, ನಾನು ಮಾಳಿಗೆಯಿಂದ ಕರೆಯುವುದು, ಅವನು ಇಳಿಯುವುದು. ಮೊದಮೊದಲು ನಾನು ಎರಡು ಸಲ ಕರೆಯಬೇಕಾಗುತ್ತಿತ್ತು. ಆಮೇಲೆ ಒಂದೇ ಸಲ ಸಾಕಾಯಿತು. ಕೊನೆಕೊನೆಗೆ ನಾನು ಬಾಯಿ ತೆರೆಯುವುದನ್ನು ಕಂಡೇ ಅಪ್ಪ ಬಂದು ನಿಂತಿರುತ್ತಿದ್ದ. "ಹೇಗೆ?" ಎನ್ನುತ್ತಿದ್ದ ಏದುಸಿರು ಬಿಡುತ್ತಾ. "ಫಸ್ಟ್ ಕ್ಲಾಸ್" ಎನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ಪರೀಕ್ಷೆಯ ದಿನ ನಮಗಿಂತ ಮೊದಲು ಜೈತುನಕ್ಕನ ಗಂಡ ಬಾಷಾಸಾಬರ ಸರದಿ. ಅವರು ಮೇಲೆ ಹೋಗಿ ಕೈಕಟ್ಟಿ ನಿಂತರು. ಡಾಕ್ಟ್ರಮ್ಮ ಸನ್ನೆ ಮಾಡಿದರು. ಜೈತುನಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ, "ರೀ, ಬರ್ರೀ!" ಎಂದಳು. ಬಾಷಾಸಾಬರು ಅತ್ತ ತಿರುಗಿ ಬೆಟ್ಟ ನೋಡಿದರು. "ಇಳೀತೀರೋ, ಇಲ್ಲ ನಿಮ್ಮ ಪಾಲಿನ ಗಂಜಿನ ನಾಯಿಗೆ ಹಾಕ್ಲೋ!" ಎಂದಾಗ ಆಸ್ಪತ್ರೆಯ ಸುತ್ತ ಒಂದು ಸುತ್ತು ಹಾಕಿ, ಟೋಪಿ ಸರಿಮಾಡಿಕೊಂಡು, ಸಾವಕಾಶವಾಗಿ ಬಂದಿಳಿದರು. "ನಾಯಿಗೇ ಹಾಕು, ನಿನ್ನ ಗಂಜಿ ಅದಕ್ಕೇ ಲಾಯಕ್ಕು" ಎಂದರು. ಜನ ನಕ್ಕರು. ಡಾಕ್ಟ್ರಮ್ಮ ನಗದೆ ಮುದ್ರೆ ಒತ್ತಿದರು.

ಇಷ್ಟು ತಡಮಾಡಿದವರಿಗೇ ಮುದ್ರೆ ಸಿಕ್ಕಿತಲ್ಲ, ನಮಗಿನ್ನೇನು ಎಂದುಕೊಂಡೆ ನಾನು.

ಅಪ್ಪ ಏರಿದ. ನಲ್ಲಿಯ ಹತ್ತಿರ ಆ ಮಾತಾಡಿದ್ದ ಹೆಂಗಸೂ ಬಂದಿದ್ದಳು. ಸನ್ನೆ ಆಯಿತು. ನಾನು "ಅಪ್ಪಾ" ಎನ್ನಲು ಹೊರಟೆ. ಆ ಪದದ ಅರ್ಧ ಇನ್ನೂ ನನ್ನ ಬಾಯಲ್ಲೇ ಇತ್ತು, ಅಪ್ಪ ಕಲ್ಲು ಬಿದ್ದ ಹಾಗೆ ಬಿದ್ದ. ಧೂಳೆದ್ದಿತು. ಒಂದು ಮೊಣಕಾಲು ನೆಲಕ್ಕೂರಿ, ನನ್ನ ಕಡೆ ನೋಡಿ ನಕ್ಕ. ಅವನ ಕಿವಿಯಿಂದ ಸಣ್ಣಗೆ ರಕ್ತ ಜಿನುಗುತ್ತಿತ್ತು.

"ಭೇಷ್ ಹಾಲಪ್ಪ! ಕೋಳಿಮರಿ ಮೇಲೆ ಹದ್ದು ಎರಗಿದ ಹಾಗೆ ಎರಗಿದೆಯಲ್ಲೋ!" ಎಂದು ಬಾಷಾಸಾಬರು ಶಿಳ್ಳೆ ಹಾಕಿದರು.

ಅಪ್ಪ ಕಾಲು ಎತ್ತಿ ಕಾದ. ಡಾಕ್ಟ್ರಮ್ಮ ಶಾಯಿಯ ಡಬ್ಬಿಯ ಮುಚ್ಚಳ ಹಾಕಿದರು. "ಮುದ್ರೆ ಇಲ್ಲ."

"ಯಾಕಮ್ಮಾ? ಕರೆದ ತಕ್ಷಣ ಬಂದ್ನಲ್ಲ!"

"ಅದಕ್ಕೇ ಇಲ್ಲ." ಅವರು ಹತ್ತಿಯಲ್ಲಿ ಅಪ್ಪನ ಕಿವಿ ಒರೆಸಿದರು. "ನೀನು ಕಣಿವೆ ಮಧ್ಯ ಇರ್ತೀಯ. ಆಚೆದಡದಲ್ಲಿ ಯಾರದ್ದೋ ಮಗು ಅಪ್ಪಾ ಅನ್ನತ್ತೆ. ಏನ್ ಮಾಡ್ತೀಯ ಹೇಳು? ಅಲ್ಲೇ ಇಳೀತೀಯ. ಕೆಳಗೆ ಬರೀ ಬಂಡೆ. ಇಳಿಯದೇ ಇರೋನಿಗೂ ನಾನು ಮುದ್ರೆ ಕೊಡಲ್ಲ, ಹೀಗೆ ಬೀಳೋನಿಗೂ ಕೊಡಲ್ಲ. ನಾನು ನೋಡೋದು ಬರೋ ರೀತಿನ."

ಡಾಕ್ಟ್ರಮ್ಮ ನನ್ನ ಕಡೆ ತಿರುಗಿದರು. "ನಿಂದೇನೂ ತಪ್ಪಿಲ್ಲ ಮಗು. ಆದ್ರೆ ನೀನು ಮನೆಗೆ ಬೆಂಕಿ ಬಿದ್ದ ಹಾಗೆ ಕರೀತೀಯ. ಅವನು ಬೆಂಕಿ ಆರಿಸೋಕೆ ಬರ್ತಾನೆ. ಗಾಳಿ ತಿರುಗಿದ ಮೇಲೆ ಇನ್ನೊಂದು ಸಲ ನೋಡೋಣ. ಆಗ್ಲೂ ಹೀಗೇ ಆದ್ರೆ ಹಾಲಪ್ಪ, ನೀನಿನ್ನು ಹಾರೋದು ಬೇಡ."

ಮೊದಲ ಕೆಲವು ದಿನ ನನಗೆ ಸಂತೋಷವೇ ಆಯಿತು. ಶಾಲೆಯಿಂದ ಬಂದರೆ ಅಪ್ಪ ಮನೆಯಲ್ಲಿರುತ್ತಿದ್ದ. ನನ್ನ ಜಡೆ ಹಾಕಲು ಕಲಿತ. ಎರಡು ಜಡೆಯಲ್ಲಿ ಒಂದು ಯಾವಾಗಲೂ ಕಿವಿಯ ಮೇಲೆ ಬರುತ್ತಿತ್ತು. ಬಾಷಾಸಾಬರ ಹರಿದ ಚೀಲಗಳನ್ನು ಹೊಲಿದುಕೊಡುತ್ತಿದ್ದ. ಆದರೆ ಅವನಿಗೆ ಬೀದಿಯಲ್ಲಿ ನಡೆಯಲು ಬರುತ್ತಿರಲಿಲ್ಲ. ಎದುರು ಬಂದವರಿಗೆ ಯಾವ ಕಡೆ ಸರಿಯಬೇಕು ಎಂದು ತಿಳಿಯದೆ ಡಿಕ್ಕಿ ಹೊಡೆಯುತ್ತಿದ್ದ. ಸಗಣಿ ತುಳಿಯುತ್ತಿದ್ದ, ಎಡವುತ್ತಿದ್ದ, ಸಂತೆಗೆ ಹೋದವನು ದಾರಿ ತಪ್ಪಿ ಕುಂಬಾರರ ಕೇರಿಗೆ ಹೋಗಿ ನಿಲ್ಲುತ್ತಿದ್ದ. "ಮೇಲಿಂದ ನೋಡಿದ್ರೆ ಎಲ್ಲ ಪಕ್ಕಪಕ್ಕದಲ್ಲೇ ಇರ್ತಾವೆ ಗಂಗಿ" ಎಂದು ನನಗೆ ಹೇಳುತ್ತಿದ್ದ. ಅವನ ಹಿಮ್ಮಡಿ ಒಡೆಯಿತು. ಜೈತುನಕ್ಕ ಮೇಣ ಕಾಯಿಸಿ ಕೊಟ್ಟಳು; ನಾನು ಬಿರುಕುಗಳಿಗೆ ತುಂಬುವಾಗ ಅಪ್ಪ ಮುಖ ಆ ಕಡೆ ಮಾಡಿಕೊಂಡು, "ಎಲ್ಲರಿಗೂ ಇರೋದೇ" ಎಂದ.

ಒಂದು ಮಧ್ಯಾಹ್ನ ನಾನು ಸದ್ದಿಲ್ಲದೆ ಒಳಗೆ ಬಂದೆ. ಅಪ್ಪ ಅಡುಗೆಮನೆಯಲ್ಲಿ ಮೇಲಿನ ಗೂಡಿನಿಂದ ಬೆಲ್ಲದ ಡಬ್ಬಿ ತೆಗೆಯುತ್ತಿದ್ದ. ಕಾಲು ನೆಲದಿಂದ ಒಂದು ಗೇಣು ಮೇಲಿತ್ತು. ಅಷ್ಟೆತ್ತರದಲ್ಲಿ ಸುಮ್ಮನೆ, ಕಣ್ಣು ಮುಚ್ಚಿ, ನೀರಿನಲ್ಲಿ ನಿಂತವನ ಹಾಗೆ ನಿಂತಿದ್ದ. ನನ್ನ ಬಳೆಯ ಸದ್ದಿಗೆ ಗಕ್ಕನೆ ನೆಲ ಮುಟ್ಟಿದ. ಡಬ್ಬಿ ಬಿತ್ತು. "ಗೂಡು ಎತ್ತರ ಆಯ್ತು ಕಣೆ, ಬಡಗಿಗೆ ಹೇಳಿ ಕೆಳಗೆ ಮಾಡಿಸ್ಬೇಕು" ಎಂದು ಚೂರಾದ ಬೆಲ್ಲ ಆರಿಸತೊಡಗಿದ. ಅವನು ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತದ್ದನ್ನು ನನ್ನಿಂದ ನೋಡಲಾಗಲಿಲ್ಲ. ಅವನಿಗೆ ಮುದ್ರೆ ಸಿಗಲೇಬೇಕು ಎಂದು ನನಗನ್ನಿಸಿದ್ದು ಅವತ್ತು. ಅದು ನನ್ನ ದನಿಯ ಮೇಲೆ ನಿಂತಿತ್ತು.

ಜೈತುನಕ್ಕನ ಹತ್ತಿರ ಓಡಿದೆ. "ಅಕ್ಕಾ, ನೀನು ಹೇಗೆ ಕರೀತೀಯ? ನನಗೂ ಹೇಳ್ಕೊಡು."

ಅವಳು ಮೀನು ತೊಳೆಯುತ್ತಿದ್ದಳು. "ಅರೆ, ಅದರಲ್ಲಿ ಹೇಳ್ಕೊಡೋದೇನಿದೆ? ಬಾಯಿ ಇದೆ, ಕರೀತೀನಿ."

"ಅವರು ಬರ್ದೇ ಹೋದ್ರೆ ಅಂತ ಹೆದರಿಕೆ ಆಗಲ್ವಾ?"

"ಬರ್ದೇ ಎಲ್ಲಿಗೆ ಹೋಗ್ತಾರೆ ಬೇಟಿ, ಇನ್ನೊಂದು ಮನೆ ಇದ್ಯಾ ಅವರಿಗೆ?" ಎಂದು ನಕ್ಕಳು. ಆಮೇಲೆ ನನ್ನ ಮುಖ ನೋಡಿ ಕೈ ಒರೆಸಿಕೊಂಡು ಹತ್ತಿರ ಬಂದಳು. "ಆಗತ್ತೆ. ಯಾಕಾಗಲ್ಲ? ಸಿದ್ಲಿಂಗ ಹೋದ ವರ್ಷ ನನ್ನ ದನಿನೇ ಹೊರಡ್ತಿರ್ಲಿಲ್ಲ. ನಿನ್ನಮ್ಮ ಹೇಗೆ ಕರೀತಿದ್ಲು, ನೆನಪು ಮಾಡ್ಕೋ."

ನೆನಪಿತ್ತು. ದಿನಾ ಅಪ್ಪನನ್ನು ಊಟಕ್ಕೆ ಕರೆಯುವಾಗ ಅಮ್ಮ ಒಲೆಯ ಮುಂದಿನಿಂದ ಏಳುತ್ತಲೂ ಇರಲಿಲ್ಲ. ಸೊಪ್ಪಿನವಳ ಜೊತೆ ಮಾತಾಡುತ್ತಾ, ಆ ಮಾತಿನ ನಡುವೆಯೇ ಕತ್ತು ಸ್ವಲ್ಪ ಓರೆ ಮಾಡಿ, "ರೀ... ಬನ್ನೀ" ಎಂದು ರಾಗ ಎಳೆದು, ಮತ್ತೆ ಸೊಪ್ಪಿನ ಮಾತಿಗೆ ಹೋಗುತ್ತಿದ್ದಳು. ನಾನು ಹಿತ್ತಲಲ್ಲಿ ಅದನ್ನೇ ಅಭ್ಯಾಸ ಮಾಡಿದೆ. ಆ ಓರೆ ಕತ್ತು, ಆ ರಾಗ. ಸಾಕಷ್ಟು ಬಂತು ಅನ್ನಿಸಿದ ಮೇಲೆ ಒಂದು ದಿನ, ಅಪ್ಪ ಮಾಳಿಗೆಯ ಮೇಲೆ ಚೀಲ ಹೊಲಿಯುತ್ತಿದ್ದಾಗ, ಕೆಳಗಿನಿಂದ ಹಾಗೇ ಕರೆದೆ.

ಸೂಜಿ ನಿಂತದ್ದು ನನಗೆ ಕೆಳಗಿನಿಂದಲೇ ಗೊತ್ತಾಯಿತು. ಆಮೇಲೆ ಅಪ್ಪ ಮೆಟ್ಟಿಲಿಳಿದು ಬಂದ. ಬೈಯಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, "ಅವಳ ಹಾಗೆ ಕರೀಬೇಡ ಗಂಗಿ. ಅವಳು ಕರೆದ್ರೆ ಯಾವ ಕಡೆ ಹೋಗ್ಬೇಕೋ ನನಗೆ ಗೊತ್ತಾಗಲ್ಲ" ಎಂದ.

ಅವತ್ತಿಗೆ ಅಭ್ಯಾಸ ಬಿಟ್ಟೆ. ಗಾಳಿ ತಿರುಗಿತು. ಒಣಹಾಕಿದ ಬಟ್ಟೆಗಳೆಲ್ಲ ಬೆಟ್ಟದ ಕಡೆಯಿಂದ ಕಣಿವೆಯ ಕಡೆಗೆ ಮುಖ ಮಾಡಿದವು. ಆಸ್ಪತ್ರೆಯಿಂದ ಹೇಳಿಕಳಿಸಿದರು.

ಎರಡನೇ ಪರೀಕ್ಷೆಗೆ ಜನ ಸೇರುವ ಪದ್ಧತಿ ಇರಲಿಲ್ಲ. ಅಪ್ಪ, ನಾನು, ಜೊತೆಗೆ ಬಂದ ಜೈತುನಕ್ಕ. ಅಪ್ಪ ಒಳಗೆ ಹೋಗಿ ಕಣ್ಣು ಕಿವಿ ತೋರಿಸಿ ಬಂದ, ನನ್ನ ಕಡೆ ನೋಡದೆ ಮೇಲೇರಿದ. ಎಷ್ಟೋ ದಿನದ ಮೇಲೆ ಏರಿದ್ದಕ್ಕೋ ಏನೋ, ಮೊದಲು ಸ್ವಲ್ಪ ಓಲಾಡಿದ. ಆಮೇಲೆ ಮೈ ಸಡಿಲವಾಯಿತು.

ಡಾಕ್ಟ್ರಮ್ಮ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ತಮ್ಮ ಬಿಳಿ ಕೋಟಿನ ಗುಂಡಿ ಹೊಲಿಯಲು ಒದ್ದಾಡುತ್ತಿದ್ದರು. ಸೂಜಿಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಬಿಸಿಲಿಗೆ ಹಿಡಿದರು. ದಾರ ಸೂಜಿಯ ಪಕ್ಕದಿಂದಲೇ ಹೋಗುತ್ತಿತ್ತು.

"ಇದ್ಯಾವ ಸೂಜಿ, ಕಣ್ಣೇ ಇಲ್ಲ ಇದಕ್ಕೆ!"

"ಕಣ್ಣು ಇಲ್ದೇ ಇರೋದು ಸೂಜಿಗಲ್ಲ" ಎಂದು ಜೈತುನಕ್ಕ ನನ್ನ ಕಿವಿಯಲ್ಲಿ ಅಂದದ್ದು ಡಾಕ್ಟ್ರಮ್ಮನಿಗೂ ಕೇಳಿಸಿತು.

"ಕೇಳಿಸ್ತು ಜೈತುನ್‌ಬಿ. ಕಿವಿ ಚೆನ್ನಾಗೇ ಇದೆ ನಂದು."

"ಎಲ್ಲರ ಕಣ್ಣೂ ನೀವು ನೋಡ್ತೀರ. ನಿಮ್ಮ ಕಣ್ಣು ಯಾರು ನೋಡ್ತಾರೆ ಡಾಕ್ಟ್ರಮ್ಮಾ?" ಎಂದೆ ನಾನು.

"ಯಾರೂ ಇಲ್ಲ. ಅದಕ್ಕೇ ಹಾರದೆ ನೆಲದ ಮೇಲೆ ಕೂತಿದ್ದೀನಿ. ತಗೋ, ನೀನೇ ಪೋಣಿಸು."

ಸೂಜಿ ನಿಜಕ್ಕೂ ಸಣ್ಣದು, ದಾರದ ತುದಿ ಮೂರಾಗಿ ಸೀಳಿತ್ತು. ನಾನು ನೆಲದ ಮೇಲೆ ಕೂತು ತುದಿಯನ್ನು ಬಾಯಲ್ಲಿಟ್ಟು ನೆನೆಸಿದೆ, ಹೊಸೆದೆ, ಒಂದು ಕಣ್ಣು ಮುಚ್ಚಿದೆ. ತಪ್ಪಿತು. "ಉಗುರಿಂದ ಕತ್ತರಿಸೇ" ಎಂದಳು ಜೈತುನಕ್ಕ. "ಹಲ್ಲಿಂದ ಕತ್ತರಿಸ್ಬೇಕು, ಉಗುರಿಂದ ಯಾರಾದ್ರೂ ಕತ್ತರಿಸ್ತಾರಾ?" ಎಂದೆ. "ನಿನ್ನಪ್ಪ ಹೇಳ್ಕೊಟ್ಟಿದ್ದಾ? ಅದಕ್ಕೇ ನಮ್ಮ ಚೀಲದ ಹೊಲಿಗೆ ಹಾಗೆ!" ಎಂದಳು. ನಾನು ಅದಕ್ಕೆ ಏನೋ ಉತ್ತರ ಹುಡುಕುತ್ತಿದ್ದೆ. ದಾರದ ತುದಿ ಸೂಜಿಯ ಕಣ್ಣಿಗೆ ತಾಗಿತ್ತು.

"ಈಗ ಕರಿ" ಎಂದರು ಡಾಕ್ಟ್ರಮ್ಮ.

"ಅಪ್ಪಾ, ಬಾ" ಎಂದೆ. ದಾರದ ಇನ್ನೊಂದು ತುದಿ ಹಲ್ಲಿನ ನಡುವೆ ಇದ್ದುದರಿಂದ ಅದು ಸರಿಯಾಗಿ ಹೊರಡಲೂ ಇಲ್ಲ. ದಾರ ಒಳಗೆ ಹೋಯಿತು. ಎಳೆದು, ಗಂಟು ಹಾಕಿ, ಸೂಜಿಯನ್ನು ಡಾಕ್ಟ್ರಮ್ಮನ ಕೈಗೆ ಕೊಟ್ಟ ಮೇಲೆ ನಾನು ಏನು ಮಾಡಿದೆನೆಂದು ನನಗೆ ಹೊಳೆಯಿತು.

ಮೇಲೆ ನೋಡಿದೆ. ಅಪ್ಪ ಬಂದಿರಲಿಲ್ಲ.

ಅವನು ನೀರಿನ ಟ್ಯಾಂಕಿನ ಆ ಕಡೆ ಇದ್ದ. ನಮಗೆ ಬೆನ್ನು ಮಾಡಿ, ತೋಳು ಚಾಚಿ, ತಿರುಗಿದ ಗಾಳಿಯನ್ನು ಒರಗಿಕೊಂಡಿದ್ದ. ನಿಧಾನವಾಗಿ ಬೇವಿನ ಮರದ ಮೇಲಿನಿಂದ ಹಾದ. ನಾನು ಎದ್ದು ನಿಂತೆ. ಕೇಳಿಸಿತೋ ಇಲ್ಲವೋ? ಅಷ್ಟು ಸಣ್ಣಗೆ ಕರೆದರೆ ಯಾರಿಗೆ ಕೇಳಿಸುತ್ತದೆ? ಅಪ್ಪ ಇನ್ನೊಂದು ಸುತ್ತಿಗೆ ಹೊರಟ; ಈ ಸಲ ಇನ್ನೂ ದೂರದ ಸುತ್ತು, ಬೆಟ್ಟದ ಬದಿಯವರೆಗೆ. ಅವನು ಚಿಕ್ಕವನಾಗುತ್ತಿದ್ದ. ಇನ್ನೂ ಎರಡು ಸಲ ಕರೆಯುವ ಅವಕಾಶ ನನಗಿತ್ತು. ಬಾಯಿ ತೆರೆದರೆ ಸಾಕು, ಅವನು ಕಲ್ಲಿನ ಹಾಗೆ ಬಂದು ನನ್ನ ಕಾಲ ಬುಡಕ್ಕೆ ಬೀಳುತ್ತಿದ್ದ. ಮತ್ತೆಂದೂ ಹೋಗುತ್ತಿರಲಿಲ್ಲ. ಡಾಕ್ಟ್ರಮ್ಮ ತಲೆಯೆತ್ತದೆ ಗುಂಡಿ ಹೊಲಿಯುತ್ತಿದ್ದರು.

ನಾನು ಹಲ್ಲು ಕಚ್ಚಿಕೊಂಡೆ. ಕರೆಯಲಿಲ್ಲ.

ಬೆಟ್ಟದ ಬದಿಯಲ್ಲಿ ಅಪ್ಪ ಒಂದು ಗಳಿಗೆ ನಿಂತ. ಅಲ್ಲಿ ಏನು ನೋಡಿದನೋ, ಯಾರಿಗೆ ಏನು ಹೇಳಿದನೋ ನಾನು ಯಾವತ್ತೂ ಕೇಳಲಿಲ್ಲ. ಆಮೇಲೆ ತಿರುಗಿದ. ಅಂಗಡಿಗೆ ಹೋದವನು ಮನೆಗೆ ಬರುವ ಹಾಗೆ, ದಾರಿಯಲ್ಲಿ ಅದೂ ಇದೂ ನೋಡುತ್ತಾ ಬಂದ. ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು ನೆಲಕ್ಕಿಟ್ಟ. ಧೂಳೇಳಲಿಲ್ಲ.

"ಏನೇ, ಅಷ್ಟು ಬೇಗ ಕರೆದ್ಬಿಟ್ಟೆ? ಗಾಳಿ ಈಗಿನ್ನೂ ಹದಕ್ಕೆ ಬರ್ತಿತ್ತು" ಎಂದ ನನಗೆ, ಸ್ವಲ್ಪ ಬೇಸರದಲ್ಲೇ.

ನನಗೆ ಅವನನ್ನು ಹೊಡೆಯಬೇಕು ಅನ್ನಿಸಿತು. ಅಳು ಬಂತು, ಅದನ್ನು ನುಂಗಿದೆ. ಡಾಕ್ಟ್ರಮ್ಮ ದಾರ ಕಚ್ಚಿ ಕತ್ತರಿಸಿ, ಕೋಟು ತೊಟ್ಟು, ಗುಂಡಿ ಹಾಕಿಕೊಂಡರು. "ಹ್ಞಾಂ, ಕಾಲು ಎತ್ತು." ಆ ವರ್ಷದ್ದು ಕೆಂಪು ಶಾಯಿ, ಒಡೆದ ಹಿಮ್ಮಡಿಯ ಬಿರುಕುಗಳಿಗೆಲ್ಲ ಇಳಿಯಿತು. ಆ ಸೂಜಿ ದಾರ ಅವರ ಹೂಟವೋ, ನಿಜಕ್ಕೂ ಅವರ ಕಣ್ಣು ಮಂಜಾಗಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮುದ್ರೆಯಂತೂ ಸ್ವಲ್ಪ ಓರೆಯಾಗಿಯೇ ಬಿದ್ದಿತ್ತು.

ಶಾಯಿ ಆರುವವರೆಗೆ ಅಪ್ಪ ಒಂಟಿ ಕಾಲಲ್ಲಿ ನಿಂತಿದ್ದ. ಆಮೇಲೆ ನನ್ನನ್ನು ನೋಡಿದ, ಆಕಾಶ ನೋಡಿದ, ಮತ್ತೆ ನನ್ನನ್ನು ನೋಡಿದ. "ನಿನ್ನ ಜೊತೆ ನಡ್ಕೊಂಡೇ ಬರ್ತೀನಿ ಬಿಡು" ಎಂದ.

"ಬೇಡ, ನೀನು ಹೋಗಪ್ಪ. ನಾನೂ ಅಕ್ಕನೂ ಸಂತೆಗೆ ಹೋಗಿ ಬರ್ತೀವಿ. ನೀನು ಹೋಗಿ ಅನ್ನಕ್ಕಿಡು."

ಅಪ್ಪ ಜೀವಮಾನದಲ್ಲಿ ಅನ್ನಕ್ಕಿಟ್ಟವನಲ್ಲ. ಮೆಲ್ಲಗೆ ಮೇಲೆದ್ದ. ಮರದ ಎತ್ತರಕ್ಕೆ ಹೋದ ಮೇಲೆ ಅಲ್ಲಿಂದ ಕೂಗಿದ: "ಎಷ್ಟು ಅಕ್ಕಿ ಹಾಕ್ಲಿ?"

"ನಮ್ಮಿಬ್ಬರಿಗೆ ಎಷ್ಟು ಬೇಕೋ ಅಷ್ಟು!"

ಸಂತೆಯಲ್ಲಿ ಜೈತುನಕ್ಕ ಹುಣಸೆಹಣ್ಣಿನವನ ಜೊತೆ ಜಗಳಕ್ಕೆ ನಿಂತಳು. ನನಗೆ ಒಂದು ಹಸಿರು ರಿಬ್ಬನ್ ಕೊಡಿಸಿದಳು. ಅದು ನನ್ನ ಲಂಗಕ್ಕೆ ಒಪ್ಪುತ್ತದೋ ಇಲ್ಲವೋ ಎಂದು ದಾರಿಯುದ್ದಕ್ಕೂ ವಾದ ಮಾಡಿಕೊಂಡು ಬಂದೆವು. ಓಣಿಯ ತಿರುವಿಗೆ ಬಂದಾಗ ಸೀದ ಅನ್ನದ ವಾಸನೆ ಗಂಟಲಿಗೆ ಬಡಿಯಿತು. "ಯಾ ಅಲ್ಲಾ, ತಳ ಹಿಡಿಸಿದ್ದಾನೆ ನಿನ್ನಪ್ಪ!" ಎಂದು ಜೈತುನಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡೆ. ಆಸ್ಪತ್ರೆಯಿಂದ ಇಲ್ಲಿಯವರೆಗೆ ಒಮ್ಮೆಯೂ ತಲೆಯೆತ್ತಿ ಮೇಲೆ ನೋಡಿಲ್ಲ ಎನ್ನುವುದು ನನಗೆ ಆಗ ನೆನಪಾಯಿತು.